ಐವತ್ತರ ನಂತರ ನಲವತ್ತು

ಬೇರೆಯವರ ತಪ್ಪು ತಿದ್ದುವುದು ನನ್ನ ಹಳೆಯ ಚಟ. ಮದುವೆಯ ಕರೆಯೋಲೆ ಕೈಗೆ ಬಂದರೆ ಮುಹೂರ್ತಕ್ಕಿಂತ ಮೊದಲು ಕಾಗುಣಿತ ನೋಡುತ್ತೇನೆ. ನಮ್ಮ ವಳಸಂಗದಲ್ಲಿ ಕೆಲವರು ಈ ಕಾರಣಕ್ಕೇ ನನಗೆ ಕರೆಯೋಲೆ ಕೊಡದೆ ಬಾಯಿಮಾತಿನಲ್ಲೇ ಮದುವೆಗೆ ಕರೆದು ಹೋಗುತ್ತಾರೆ. ಸೋಲಾಪುರದ ಟವೆಲ್ ಕಾರ್ಖಾನೆಯಲ್ಲಿ ಡಿಸೈನು ಪರೀಕ್ಷಿಸುವ ಕೆಲಸ ಸಿಕ್ಕಿದ್ದು ಈ ಚಟದಿಂದ. ಅದು ಹೋಗುವ ಪ್ರಸಂಗ ಬಂದಿದ್ದೂ ಇದರಿಂದಲೇ.

ಹೋದ ವರ್ಷ ಅಮೆರಿಕದಿಂದ ಒಂದು ಆರ್ಡರು ಬಂತು. ದೊಡ್ಡ ಹಸಿರು ಟವೆಲ್, ಅದರ ಮೇಲೆ ಅವರ ಫುಟ್‌ಬಾಲ್ ಮೈದಾನ. ಬಿಳಿ ಗೆರೆಗಳ ಪಕ್ಕದಲ್ಲಿ ಹತ್ತರಿಂದ ಐವತ್ತರವರೆಗೆ ಅಂಕಿಗಳು ಸರಿಯಾಗಿದ್ದವು. ಐವತ್ತರ ನಂತರ ಮಾತ್ರ ಮತ್ತೆ ನಲವತ್ತು, ಮೂವತ್ತು, ಇಪ್ಪತ್ತು, ಹತ್ತು. ಇಷ್ಟು ದೊಡ್ಡ ದೇಶದವರಿಗೆ ಎಣಿಸಲು ಬರುವುದಿಲ್ಲವಲ್ಲ ಎಂದು ಮರುಗಿ, ಯಾರನ್ನೂ ಕೇಳದೆ ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು ಮಾಡಿಬಿಟ್ಟೆ. ನಮೂನೆಯ ಟವೆಲ್ ನೇಯಿಸಿ ಫೋಟೋ ಕಳಿಸಿದ್ದಾಯಿತು. ಅಂಕಿ ಕೆಟ್ಟಿದೆ ಎಂಬ ಉತ್ತರ ಬಂದ ದಿನ ಕಾರ್ಖಾನೆಯ ಮಾಲಿಕರಾದ ಶೇಠರು ನನ್ನನ್ನು ಒಳಗೆ ಕರೆದರು.

“ಅಮೆರಿಕಾದವರದೂ ಚೂಕ ತಗದಿ ಅಲ್ಲ ನೀ?” ಎಂದು ಮೆಲ್ಲಗೆ ಕೇಳಿದರು. ಅವರು ಮೆಲ್ಲಗೆ ಮಾತಾಡಿದರೆ ಸಿಟ್ಟು ಬಂದಿದೆ ಎಂದು ಅರ್ಥ. “ಮೊದಲ ಆ ಆಟ ತಿಳ್ಕೊ. ಆಮ್ಯಾಲ ಕೆಳಗಿನವ್ರಿಗೂ ತಿಳಿಸಿ ಹೇಳು. ಇನ್ನೊಂದು ಚೂಕ ಆದ್ರ ಆರ್ಡರೂ ಹೋಗ್ತದ, ನೀನೂ ಹೋಗ್ತಿ.”

ಎರಡು ದಿನ ಬಸ್ಸಿನಲ್ಲಿ ಮೊಬೈಲು ಹಿಡಿದು ಆಟ ನೋಡಿದೆ. ಮೂರನೆಯ ದಿನ, ಅಂಚು ಹೊಲಿಯುವ ಹೆಂಗಸರು ಬುತ್ತಿ ಬಿಚ್ಚಿ ಕುಳಿತಾಗ, ಮೊದಲಿನ ಅಂಕಿಗಳನ್ನೇ ಹಾಕಿ ಮತ್ತೆ ನೇಯಿಸಿದ ನಮೂನೆಯ ಟವೆಲ್ ಹಾಸಿ ಪಾಠ ಶುರುಮಾಡಿದೆ. ಒಂದೊಂದು ಕಡೆ ಹನ್ನೊಂದು ಜನ. ಚೆಂಡಿನ ಎರಡೂ ತುದಿ ಚೂಪು. ಅದನ್ನು ಹಿಡಿದು ಓಡಬಹುದು, ಮುಂದಿದ್ದವನಿಗೆ ಎಸೆಯಬಹುದು.

“ಕೈಯಾಗ ಹಿಡಕೊಂಡು ಓಡೂದಕ್ಕ ಫುಟ್‌ಬಾಲ್ ಯಾಕ ಅಂತಾರ್ರಿ?” ಎಂದು ಕೇಳಿದರು ಮಹಾದೇವಿ ಅಕ್ಕ. ಬೋರಾಮಣಿ ಊರಿನವರು, ಆ ವಿಭಾಗಕ್ಕೇ ಹಿರಿಯರು.

“ನಡುನಡುವ ಒದೀತಾರ್ರಿ. ಕಂಬದ ನಡುವ ಹಾಯಿಸಿ ಒದ್ರ ಮೂರು ಅಂಕ,” ಎಂದು ಹೇಳಿ ಅವಸರದಿಂದ ಮುಂದೆ ಹೋದೆ. “ನಾಕ ಸಲ ಅವಕಾಶ ಇರ್ತದ. ಅಷ್ಟರಾಗ ಹತ್ತು ಗಜ ಮುಂದ ಹೋಗಬೇಕು. ಹೋದ್ರ ಮತ್ತ ನಾಕ ಸಲ, ಇಲ್ಲಂದ್ರ ಚೆಂಡು ಎದುರಿನವ್ರಿಗಿ. ಕಡೀ ಗೆರಿ ದಾಟಿದ್ರ ಆರು ಅಂಕ.”

ಗಜ ಎಂದ ಕೂಡಲೇ ಎಲ್ಲರ ಮುಖ ಅರಳಿತು. ಬಟ್ಟೆಯವರಿಗೆ ಗಜ ಹೇಳಿಕೊಡಬೇಕಿಲ್ಲ. ಆದರೆ ಅಂಕಿಗಳ ಹತ್ತಿರ ಬಂದಾಗ ನಾನೇ ತಡವರಿಸಿದೆ. ಅವು ಯಾಕೆ ಹಿಂದಕ್ಕೆ ಬರುತ್ತವೆಂದು ನನಗಿನ್ನೂ ತಿಳಿದಿರಲಿಲ್ಲ. “ಅದು ಅವರ ಪದ್ಧತಿ,” ಎಂದೆ.

ಮಹಾದೇವಿ ಅಕ್ಕ ರೊಟ್ಟಿ ಕೆಳಗಿಟ್ಟು ಟವೆಲಿನ ಹತ್ತಿರ ಬಂದರು. “ಪದ್ಧತಿ ಅಲ್ರಿ ಸರ. ದಾಟೂ ಗೆರಿ ಎರಡೂ ಕಡಿ ಅದ. ಹತ್ತಿರದ್ದು ಎಷ್ಟು ಗಜ ಅದ ಅಂತ ಬರದಾರ. ಸೋಲಾಪುರದಿಂದ ಅಕ್ಕಲಕೋಟಿಗಿ ಹೊಂಟಾಗ ಅರ್ಧ ದಾರಿ ದಾಟಿದ ಮ್ಯಾಲ, ಸೋಲಾಪುರ ಎಷ್ಟು ದೂರ ಆತು ಅಂತ ಯಾರರೆ ಕೇಳ್ತಾರೇನು? ಅಕ್ಕಲಕೋಟಿ ಎಷ್ಟು ಉಳೀತು ಅಂತ ಕೇಳ್ತಾರ.”

ವಳಸಂಗದಿಂದ ದಿನಾ ಅದೇ ರಸ್ತೆಯಲ್ಲಿ ಓಡಾಡುವವನು ನಾನು.

ಟವೆಲುಗಳು ಸರಿಯಾದ ಅಂಕಿ ಹೊತ್ತು ಹಡಗು ಹತ್ತಿದವು. ಕೆಲವು ತಿಂಗಳ ಮೇಲೆ ಮುಂಬೈಯಿಂದ ಖರೀದಿದಾರರ ಕಡೆಯವರೊಬ್ಬರು ಬಂದರು. ಶೇಠರು ನನ್ನ ಹೆಗಲ ಮೇಲೆ ಕೈಯಿಟ್ಟು, “ಈ ಆಟದಾಗ ಇವ ನಮ್ಮ ತಜ್ಞ,” ಎಂದರು. ಬಂದವರು ನಕ್ಕು, ಅಂಕಿ ಯಾಕೆ ಹಿಂದಕ್ಕೆ ಬರುತ್ತದೆ ಎಂದೇ ಕೇಳಬೇಕೇ! ನಾನು ಅಕ್ಕಲಕೋಟೆಯ ದಾರಿಯನ್ನು ಪೂರ್ತಿ ಹೇಳಿದೆ. ಮಹಾದೇವಿ ಅಕ್ಕನ ಹೆಸರು ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಚಹಾ ಬಂತು.

ಮರುದಿನ ಊಟದ ಹೊತ್ತಿಗೆ ಹೋಗಿ ಆಕೆಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ರೊಟ್ಟಿ ಮುರಿಯುತ್ತಲೇ ಕೇಳಿಸಿಕೊಂಡರು. “ಚಲೋ ಆತು ಬಿಡ್ರಿ. ನಾ ಹೇಳಿದ್ರ ಅಂವ ಇನ್ನೊಂದು ಕೇಳ್ತಿದ್ದ, ನನ್ನ ಊಟದ ಸೂಟಿ ಅಲ್ಲೇ ಹೋಗ್ತಿತ್ತು. ಕುಂದರ್ರಿ, ಶೇಂಗಾ ಚಟ್ನಿ ತಂದೀನಿ.”

ತಜ್ಞರು ಅಲ್ಲೇ ಹಾಸಿದ್ದ ಟವೆಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಕೈಚಾಚಿದರು.