ಹವಳ ನೋಡಲು ಹೊರಟು ಕರಡಿಗೆಯ ಹಿಂದೆ ಅಡಗಿದ್ದು

ದೇವರ ಹೆಸರು ಹೇಳಿ ನಾವು ಮಾಡುವ ಮತ್ತು ಮಾಡದೆ ಬಿಡುವ ಕೆಲಸಗಳಲ್ಲಿ ಅರ್ಧದಷ್ಟು ಆ ದೇವರಿಗೆ ಗೊತ್ತೇ ಇರುವುದಿಲ್ಲ ಎಂದು ನನ್ನ ನಂಬಿಕೆ. ದೂರದ ನೆಂಟರ ಮನೆಯ ನಾಮಕರಣಕ್ಕೆ ಹೋಗಲು ಮನಸ್ಸಿಲ್ಲದಿದ್ದರೆ ‘ಇವತ್ತು ಸೋಮವಾರ, ನಂದು ಒಪ್ಪತ್ತು’ ಅಂದುಬಿಡುತ್ತೇವೆ. ಪಕ್ಕದ ಮನೆಯವರು ಕೊಟ್ಟ ಸಾರು ಬಾಯಿಗೆ ಹಿಡಿಸದಿದ್ದರೆ ‘ಶ್ರಾವಣ, ಈರುಳ್ಳಿ ತಿನ್ನಲ್ಲ’ ಅನ್ನುತ್ತೇವೆ. ನಾನು ಪೂಜೆ ತಪ್ಪಿಸುವ ಹೆಂಗಸಲ್ಲ. ಬೆಳಿಗ್ಗೆ ಲಿಂಗಪೂಜೆ ಆಗದೆ ಒಂದು ಗುಟುಕು ಕಾಫಿಯೂ ಗಂಟಲಿಗೆ ಇಳಿಯುವುದಿಲ್ಲ. ಹಾಗಿದ್ದೂ ಒಂದು ಸಲ ಹದಿನೈದು ದಿನ ಶಿವನನ್ನು ಮುಂದೆ ನಿಲ್ಲಿಸಿ, ಅವನ ಬೆನ್ನ ಹಿಂದೆ ಮುದುರಿಕೊಂಡು ಕೂತಿದ್ದೆ. ಅದನ್ನು ಇಷ್ಟು ವರ್ಷದ ಮೇಲೆ ಹೇಳಿಕೊಂಡು ಹಗುರಾಗುತ್ತೇನೆ.

ನಮ್ಮ ಯಜಮಾನರು ಹಿರಿಯೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. ಎಲ್‌ಟಿಸಿ ಎಂದು ಬ್ಯಾಂಕು ಖರ್ಚು ಕೊಡುವ ಪ್ರವಾಸವೆಂದರೆ ನಮ್ಮ ಮನೆಯಲ್ಲಿ ತೀರ್ಥಯಾತ್ರೆ ಎಂದೇ ಅರ್ಥ. ಶ್ರೀಶೈಲವಾಗಿತ್ತು, ಕಾಶಿಯಾಗಿತ್ತು, ರಾಮೇಶ್ವರವಾಗಿತ್ತು. ಎಲ್ಲವೂ ನಾನು ಬೆರಳು ತೋರಿಸಿದ ಕಡೆಗೇ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅವರ ಬ್ಯಾಂಕಿನ ಮ್ಯಾನೇಜರು ಲಕ್ಷದ್ವೀಪಕ್ಕೆ ಹೋಗಿಬಂದು ಫೋಟೋ ಆಲ್ಬಮ್ ತೋರಿಸಿದರಂತೆ. ಅವತ್ತು ಸಂಜೆ ಮನೆಗೆ ಬಂದ ಇವರು ಚಪ್ಪಲಿ ಬಿಡುವ ಮೊದಲೇ, “ಈ ಸಲ ನಂದು ಪಾಳಿ. ಸಮುದ್ರಕ್ಕೆ ಹೋಗಾಣ” ಅಂದರು. “ರಾಮೇಶ್ವರದಾಗೆ ಸಮುದ್ರ ನೋಡಿದ್ವಲ್ರೀ” ಅಂದೆ. “ಅದು ಮೇಲಿಂದ ನೋಡಿದ್ದು ಕಣೆ. ಈಗ ಒಳಗಿಂದ ನೋಡಾದು” ಅಂದರು.

ಒಳಗಿಂದ ಎಂದರೆ ಏನೆಂದು ಅವರು ಒಂದು ವಾರ ಬಿಡಿಸಿ ಬಿಡಿಸಿ ಹೇಳಿದರು. ಕಣ್ಣು ಮೂಗು ಎರಡನ್ನೂ ಮುಚ್ಚುವ ಒಂದು ಗಾಜಿನ ಕನ್ನಡಕ. ಬಾಯಿಗೆ ಕಚ್ಚಿಕೊಳ್ಳಲು ಒಂದು ಬಾಗಿದ ಕೊಳವೆ, ಅದರ ತುದಿ ನೀರಿನ ಮೇಲೆ. ಬೋರಲು ಮಲಗಿ ತೇಲುತ್ತ, ಕೊಳವೆಯಲ್ಲಿ ಉಸಿರಾಡುತ್ತ, ಕೆಳಗೆ ಹವಳದ ದಿಬ್ಬಗಳನ್ನೂ ಅದರ ಸಂದಿಯಲ್ಲಿ ಓಡಾಡುವ ಮೀನುಗಳನ್ನೂ ನೋಡುವುದು. ನೀರು ಬಿಸಿ ಮಾಡಿಟ್ಟ ಹಾಗೆ ಬೆಚ್ಚಗಿರುತ್ತದಂತೆ. ಇದಕ್ಕೆ ಸ್ನಾರ್ಕೆಲಿಂಗ್ ಎಂದು ಹೆಸರು. ನಮ್ಮತ್ತೆಗೆ ಈ ಮಾತು ನಾಲಗೆಗೆ ಹತ್ತಲಿಲ್ಲ. ಅವರು ಜವನಗೊಂಡನಹಳ್ಳಿ ಕಡೆಯವರು, ಯಾವುದನ್ನೂ ಸುತ್ತಿ ಬಳಸಿ ಹೇಳುವವರಲ್ಲ. “ನೀರಾಗೆ ಬೋರಲು ಬೀಳಾದು ಅನ್ರಪ್ಪ, ಸಾಕು” ಅಂದರು.

ಲಕ್ಷದ್ವೀಪಕ್ಕೆ ಹೋಗಲು ನಮ್ಮೂರಿನ ಪೊಲೀಸರು ನಮ್ಮ ನಡತೆ ಸರಿಯಿದೆ ಎಂದು ಬರೆದುಕೊಡಬೇಕು. ವಿಚಾರಣೆಗೆ ಬಂದ ಪೇದೆ ಹಜಾರದಲ್ಲಿ ಕೂತು ಕಾಫಿ ಕುಡಿದು, “ಅಲ್ಲೇನು ಕೆಲಸ ಸಾರ್?” ಎಂದು ಕೇಳಿದರು. ಯಜಮಾನರು, “ಮೀನು ನೋಡಾಕೆ” ಅಂದರು. ಪೇದೆ ಬಾಗಿಲ ಚೌಕಟ್ಟಿನ ವಿಭೂತಿ ಪಟ್ಟೆ ನೋಡಿದರು, ನನ್ನ ಹಣೆ ನೋಡಿದರು. “ತಿನ್ನಾದಿಲ್ಲ, ಹಿಡಿಯಾದಿಲ್ಲ, ಬರೀ ನೋಡಾಕೆ ಅಷ್ಟು ದೂರ ಹೋಗ್ತೀರಾ?” ಎಂದು ಕೇಳಿ, ಬಹಳ ಹೊತ್ತು ಪೆನ್ನು ಹಿಡಿದುಕೊಂಡೇ ಕೂತಿದ್ದರು. ಕಡೆಗೆ ಏನು ಬರೆದರೋ, ಕಾಗದವಂತೂ ಬಂತು. ನಮ್ಮ ನಡತೆಯ ಬಗ್ಗೆ ಸರ್ಕಾರಕ್ಕೆ ಅನುಮಾನವಿಲ್ಲವಲ್ಲ, ಅದೂ ಒಂದು ಪುಣ್ಯವೇ.

ಅನುಮಾನವಿದ್ದದ್ದು ನನ್ನ ಧೈರ್ಯದ ಬಗ್ಗೆ, ಅದು ನನಗೊಬ್ಬಳಿಗೇ ಗೊತ್ತಿತ್ತು. ನಾನು ಯಲ್ಲದಕೆರೆಯಲ್ಲಿ ಹುಟ್ಟಿ ಬೆಳೆದವಳು. ನೀರನ್ನು ಕೊಡದಲ್ಲಿ ನೋಡಿ ಗೊತ್ತು, ಹಂಡೆಯಲ್ಲಿ ನೋಡಿ ಗೊತ್ತು. ವಾಣಿವಿಲಾಸ ಸಾಗರದ ಕಟ್ಟೆ ಮೇಲೆ ನಿಂತರೆ ಸಾಕು, ಕಾಲಡಿಯ ಕಲ್ಲು ಸರಿದಂತಾಗುತ್ತದೆ. ತಲೆಗೆ ನೀರು ಹುಯ್ದುಕೊಳ್ಳುವಾಗಲೂ ಒಂದು ಕೈಯಲ್ಲಿ ನಲ್ಲಿ ಹಿಡಿದುಕೊಂಡೇ ಹುಯ್ದುಕೊಳ್ಳುವವಳು ನಾನು. ಇಂಥವಳು ಸಮುದ್ರದಲ್ಲಿ ಬೋರಲು ಬೀಳುವುದೆಂದರೇನು? ಆದರೆ ಮೂರು ಸಲ ನಾನು ಹೇಳಿದ ಕಡೆಗೆಲ್ಲ ತುಟಿ ಪಿಟಕ್ಕೆನ್ನದೆ ಬಂದವರಿಗೆ ‘ನಾನು ಬರಲ್ಲ’ ಅನ್ನುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಕಾಶಿಯಲ್ಲಿ ಗಂಗೆಗೆ ಇಳಿಯಲು ಅವರು ಹಿಂದೆಮುಂದೆ ನೋಡಿದಾಗ ನಾನು ಮೆಟ್ಟಿಲ ಮೇಲೆ ಚೊಂಬು ಹಿಡಿದು ನಿಂತು, “ನಂಬಿಕೆ ಇದ್ದೋರಿಗೆ ಭಯ ಎಲ್ಲಿರ್ತೈತ್ರೀ” ಎಂದು ನಾಲ್ಕು ಜನ ಕೇಳುವಂತೆ ಅಂದಿದ್ದೆ. ಆ ಮಾತು ಈಗ ನನ್ನ ಕೊರಳಿಗೇ ಸುತ್ತಿಕೊಂಡಿತ್ತು.

ಇತ್ತ ಇವರು ಹಿತ್ತಲಿನಲ್ಲಿ ಅಭ್ಯಾಸ ಶುರು ಮಾಡಿದ್ದರು. ಬಟ್ಟೆ ಒಗೆಯುವ ಸಿಮೆಂಟು ತೊಟ್ಟಿಗೆ ನೀರು ತುಂಬಿ, ಗಿಡಕ್ಕೆ ನೀರು ಬಿಡುವ ಪೈಪಿನ ಒಂದು ತುಂಡು ಕತ್ತರಿಸಿ ಬಾಯಿಗಿಟ್ಟುಕೊಂಡು, ಮೂಗಿಗೆ ನನ್ನ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ತಲೆ ಮುಳುಗಿಸುತ್ತಿದ್ದರು. ಪಕ್ಕದ ಮನೆಯ ಶಾರದಕ್ಕ ಬಟ್ಟೆ ಒಣಹಾಕಲು ಬಂದವಳು ಗೋಡೆಯ ಮೇಲಿಂದ ಇಣುಕಿ, “ಏನೇ, ನಿಮ್ಮನೆಯೋರಿಗೆ ನೆಗಡಿ ಅಷ್ಟೊಂದು ಜೋರಾಗೈತಾ?” ಎಂದು ಕೇಳಿದಳು. ಹೌದು ಅಂದೆ. ಮರುದಿನ ಒಂದು ಸೀಸೆ ನೀಲಗಿರಿ ಎಣ್ಣೆ ಬಂತು.

ಅಷ್ಟರಲ್ಲಿ ಕೊಚ್ಚಿಯ ಪ್ರವಾಸದ ಏಜೆಂಟರಿಂದ ಸೂಚನೆಗಳ ಹಾಳೆ ಬಂದಿತು. ಇವರು ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳುತ್ತಿದ್ದರು, ನಾನು ರೊಟ್ಟಿ ತಟ್ಟುತ್ತ ಹೂಂಗುಟ್ಟುತ್ತಿದ್ದೆ. ಹೊಟ್ಟೆ ತುಂಬ ತಿಂದು ಇಳಿಯಬಾರದು. ಹವಳವನ್ನು ಮುಟ್ಟಬಾರದು. ನೀರಿಗಿಳಿಯುವ ಮೊದಲು ಕೊರಳಿನಲ್ಲಿರುವುದನ್ನೆಲ್ಲ ತೆಗೆದಿಡಬೇಕು. ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಕೊರಳಿನಲ್ಲಿರುವುದನ್ನು ಎಂದರೆ ನನ್ನ ಲಿಂಗ. ಬೆಳ್ಳಿಯ ಕರಡಿಗೆಯೊಳಗೆ ಕೂತು, ದೀಕ್ಷೆಯಾದಂದಿನಿಂದ ಮೈಬಿಟ್ಟು ಅಗಲದ ಲಿಂಗ. ಶಿವ ದೊಡ್ಡವನು ಅನಿಸಿತು. ಹಿಟ್ಟಿನ ಕೈಯಲ್ಲೇ ಕರಡಿಗೆ ಮುಟ್ಟಿಕೊಂಡು, ಆದಷ್ಟೂ ಬೇಜಾರಿನ ಮುಖ ಮಾಡಿ, “ಅಯ್ಯೋ, ಹಂಗಾದ್ರೆ ನಾನು ಇಳಿಯಂಗಿಲ್ವಲ್ರೀ. ಇದನ್ನ ಹೆಂಗೆ ತೆಗೆಯಾದು?” ಅಂದೆ. ಅತ್ತೆ ತಕ್ಷಣ ನನ್ನ ಕಡೆಯಾದರು. “ಲಿಂಗ ತೆಗೆದಿಟ್ಟು ಮೀನು ನೋಡಬೇಕಾ? ಬ್ಯಾಡ ಬಿಡು” ಅಂದರು. ಯಜಮಾನರ ಮುಖ ಸಪ್ಪಗಾಯಿತು. ನಾನು ಮಾತ್ರ ಅವತ್ತು ಎರಡು ರೊಟ್ಟಿ ಜಾಸ್ತಿ ತಿಂದೆ.

ನಮ್ಮ ಮನೆಯವರ ಒಂದು ಸ್ವಭಾವ ನಾನು ಮರೆತಿದ್ದೆ. ಬ್ಯಾಂಕಿನಲ್ಲಿ ಯಾರದಾದರೂ ಅರ್ಜಿ ಒಂದು ಕಾಗದಕ್ಕಾಗಿ ನಿಂತಿದ್ದರೆ, ಆ ಕಾಗದ ಸಿಗುವವರೆಗೂ ಇವರಿಗೆ ಊಟ ಸೇರುವುದಿಲ್ಲ. ಭಾನುವಾರ ನಮ್ಮ ಮನೆತನದ ಗುರುಗಳಾದ ಅಯ್ಯನವರನ್ನೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು. ಎಂಬತ್ತು ದಾಟಿದ ಮುದುಕರು, ನನಗೆ ಲಿಂಗ ಕಟ್ಟಿದ್ದೂ ಅವರೇ. ಪಾದಕ್ಕೆ ನೀರು ಕೊಟ್ಟು, “ಬರ್ರಿ ಅಯ್ಯನೋರೆ, ಕುಂತ್ಕಳ್ರಿ” ಅಂದೆ. ಯಜಮಾನರು ಸಮಸ್ಯೆ ಹೇಳಿದರು. ಅಯ್ಯನವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ನಾನು ಒಳಗೊಳಗೇ ‘ಬ್ಯಾಡ ಅನ್ರಿ, ಬ್ಯಾಡ ಅನ್ರಿ’ ಎಂದು ಜಪಿಸುತ್ತಿದ್ದೆ.

“ದಿನಾ ಬೆಳಿಗ್ಗೆ ಏನು ಮಾಡ್ತಿಯಮ್ಮ ಲಿಂಗಕ್ಕೆ?” ಎಂದು ಕೇಳಿದರು.

“ನೀರು ಹಾಕ್ತೀನಿ, ವಿಭೂತಿ ಹಚ್ತೀನಿ, ಪತ್ರೆ ಏರಿಸ್ತೀನಿ.”

“ಮೊದ್ಲು ನೀರು ತಾನೆ? ನೀನು ದಿನಾ ಹಾಕಾದು ಒಂದು ಬಟ್ಟಲು. ಅಲ್ಲಿ ಒಂದು ಸಮುದ್ರನೇ ಐತೆ. ಲಿಂಗಕ್ಕೆ ಇದಕ್ಕಿಂತ ದೊಡ್ಡ ಮಜ್ಜನ ಎಲ್ಲಿ ಸಿಗತೈತೆ? ತೆಗೀಬ್ಯಾಡ. ಗಟ್ಟಿಯಾಗಿ ಒಳಗೆ ಕಟ್ಕ, ಇಳಿ. ನಾನು ಕಟ್ಟಿದ ಲಿಂಗದಾಗೆ ಸಮುದ್ರಕ್ಕಿಳಿದಿದ್ದು ಇನ್ನೂ ಒಂದೂ ಇಲ್ಲ. ನಿಂದೇ ಮೊದಲು” ಎಂದು ಬೊಚ್ಚುಬಾಯಿ ಅಗಲಿಸಿ ನಕ್ಕರು. ನನಗೆ ಆಶೀರ್ವಾದ ಮಾಡಿ, ವಾಪಸು ಬಂದ ಮೇಲೆ ಹೇಗಿತ್ತೆಂದು ಹೇಳಬೇಕು ಎಂದು ಮಾತು ತೆಗೆದುಕೊಂಡೇ ಎದ್ದರು.

ಅಲ್ಲಿಂದ ಮನೆಮಂದಿಯೆಲ್ಲ ನನ್ನನ್ನು ಸಮುದ್ರಕ್ಕೆ ಇಳಿಸಲು ಸೊಂಟ ಕಟ್ಟಿ ನಿಂತರು. ಇವರು ಎಸ್‌ಟಿಡಿ ಬೂತಿಗೆ ಹೋಗಿ ಏಜೆಂಟರಿಗೆ ಫೋನು ಮಾಡಿದರು. ದಾರ ಹೊರಗೆ ಜೋತಾಡಿ ತೇಲುವ ಜಾಕೆಟ್ಟಿಗೆ ಸಿಕ್ಕಿಕೊಳ್ಳಬಾರದು ಅಷ್ಟೇ, ಒಳಗೆ ಬಿಗಿಯಾಗಿ ಕಟ್ಟಿಕೊಂಡರೆ ತೊಂದರೆಯಿಲ್ಲ ಎಂದರಂತೆ. ಕರಡಿಗೆಯನ್ನು ಅಕ್ಕಸಾಲಿಗರ ಹತ್ತಿರ ಒಯ್ದು ತೋರಿಸು ಎಂದು ಇವರು ನನ್ನನ್ನು ಕಳಿಸಿದರು. ಅಕ್ಕಸಾಲಿಗರು ನನ್ನೆದುರಿಗೇ ಮುಚ್ಚಳ ಒತ್ತಿ ಬಿಗಿ ಮಾಡಿ, ಜೇನುಮೇಣ ಸವರಿ, “ಇನ್ನು ಸಮುದ್ರ ಒಣಗಿದ್ರೂ ಇದು ತಾನಾಗೇ ಬಿಚ್ಚಲ್ಲ ಕಣಮ್ಮ” ಎಂದು ಕೊಟ್ಟರು. ಬ್ಯಾಡ ಬಿಡು ಅಂದಿದ್ದ ಅತ್ತೆ, ಅಯ್ಯನವರ ಮಾತು ಬಿದ್ದ ಮೇಲೆ ಎಲ್ಲರಿಗಿಂತ ಮುಂದೆ. ಮಾವನವರ ಹಳೆಯ ರೇನ್‌ಕೋಟು ಕತ್ತರಿಸಿ, ಕರಡಿಗೆಗೆಂದೇ ಒಂದು ಚೀಲ ಹೊಲಿಯಲು ಕೂತರು. ಕಣ್ಣು ಸರಿಯಾಗಿ ಕಾಣದು. ಸೂಜಿಗೆ ದಾರ ಪೋಣಿಸಲು ಮೊಮ್ಮಗಳು, ಅಂದರೆ ನನ್ನ ಮಗಳು, ಕಾಲೇಜಿನಿಂದ ಬರುವವರೆಗೆ ಕಾಯುತ್ತಿದ್ದರು. ನಾನು ಪೋಣಿಸಿಕೊಡಬಹುದಿತ್ತು. ಪೋಣಿಸಲಿಲ್ಲ. ಅಷ್ಟರ ಮಟ್ಟಿಗೆ ಕೆಟ್ಟವಳಾಗಿದ್ದೆ.

ಮೂರನೆಯ ದಿನ ಮಧ್ಯಾಹ್ನ ಚೀಲ ಮುಗಿಯಿತು. ಅತ್ತೆ ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಎದೆಗೆ ಕಟ್ಟಿ, ಹಿಂದೆ ಎರಡು ಗಂಟು ಹಾಕಿ, ಜಗ್ಗಿ ನೋಡಿದರು. “ಲಾಡಿಗೆ ಲಾಡಿ ಹೊಲಿದೀನಿ. ನಮ್ಮ ದ್ಯಾವ್ರು ಎಲ್ಲೂ ಹೋಗಲ್ಲ. ಧೈರ್ಯವಾಗಿ ಇಳಿ” ಎಂದು ನನ್ನ ಗಲ್ಲ ಹಿಡಿದರು. ಅವರ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಕೆಂಪು ಚುಕ್ಕೆಗಳು. ನನಗೆ ತಡೆಯಲಾಗಲಿಲ್ಲ.

“ಅತ್ತೆ, ಲಿಂಗಕ್ಕೇನೂ ಆಗಲ್ಲ. ಭಯ ಇರಾದು ನಂಗೆ” ಅಂದೆ.

ಅವರು ಗಲ್ಲದಿಂದ ಕೈ ತೆಗೆದರು. “ನಿಂಗಾ?”

“ಹೂಂ. ಮೊದಲ್ನಿಂದ್ಲೂ ನಂಗೇ.”

“ಅಲ್ಲ ಕಣವ್ವ, ಅದನ್ನ ಬಾಯಿ ಬಿಟ್ಟು ಹೇಳಾಕೆ ಏನಾಗಿತ್ತು? ಅಯ್ಯನೋರ್ನ ಸ್ಕೂಟರ್ ಮ್ಯಾಲೆ ಕುಂಡ್ರಿಸ್ಕಂಡು ಬಂದ್ರು. ನಾನೊಬ್ಳು ಕಣ್ಣು ಕಾಣದೋಳು ಬೆರಳು ತೂತು ಮಾಡ್ಕಂಡೆ. ಪಾಪ, ಶಿವನ ಮ್ಯಾಲೆ ಹಾಕಿದ್ಯಲ್ಲ ನೀನು” ಎಂದು ಬೈಯುತ್ತಲೇ ಒಂದೊಂದಾಗಿ ಗಂಟು ಬಿಚ್ಚಿದರು. ಕಡೆಯ ಗಂಟು ಬಿಚ್ಚಿದಾಗ ನಾನು ಬಿಟ್ಟ ಉಸಿರಿದೆಯಲ್ಲ, ಹದಿನೈದು ದಿನದಿಂದ ಹಿಡಿದಿಟ್ಟದ್ದು.

ಸಂಜೆ ಯಜಮಾನರಿಗೆ ನಾನೇ ಹೇಳಿದೆ. ನಗುತ್ತಾರೆ, ಕಾಶಿಯ ಮಾತು ಎತ್ತುತ್ತಾರೆ ಅಂದುಕೊಂಡಿದ್ದೆ. ಎರಡನ್ನೂ ಮಾಡಲಿಲ್ಲ. ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, “ಚೆನ್ನಾಗಿ ಹೊಲಿದಾಳೆ ನಮ್ಮವ್ವ” ಅಂದರು. ಆಮೇಲೆ, “ಇಳಿಯಕ್ಕಾಗದೋರಿಗೆ ತಳಕ್ಕೆ ಗಾಜು ಹಾಕಿರೋ ದೋಣಿ ಐತಂತೆ. ಕುಂತಲ್ಲೇ ಎಲ್ಲ ಕಾಣ್ತೈತಂತೆ. ನೀನು ಮೇಲೆ ಕುಂತ್ಕ, ನಾನು ಕೆಳಗೆ ಇಳೀತೀನಿ” ಅಂದರು. ಎದ್ದು ಹೋಗುವಾಗ ತಿರುಗಿ, “ನಂಗೇನಾದ್ರೂ ಆದ್ರೆ ಕೂಗ್ತಿ ತಾನೆ?” ಎಂದು ಕೇಳಿದರು. ಆ ಪ್ರಶ್ನೆ ನನಗೆ ಬೇಕಿರಲಿಲ್ಲ.

ಹೋದೆವು. ಸಮುದ್ರ ನಿಜಕ್ಕೂ ಬೆಚ್ಚಗಿತ್ತು, ದೋಣಿಯಿಂದ ಕೈಯಿಳಿಸಿ ನೋಡಿದೆ. ಜಾಕೆಟ್ಟು ತೊಟ್ಟ ಯಜಮಾನರು, ಕಲಿಸುವವನ ಕೈ ಹಿಡಿದು, ನಮ್ಮ ದೋಣಿಯಿಂದ ಹತ್ತು ಮಾರು ದೂರದಲ್ಲಿ ಬೋರಲು ಬಿದ್ದರು. ಬೆನ್ನು ಒಂದಿಷ್ಟು, ಕಿತ್ತಳೆ ಬಣ್ಣದ ಕೊಳವೆಯ ತುದಿ ಒಂದಿಷ್ಟು, ಅಷ್ಟೇ ಕಾಣುತ್ತಿದ್ದದ್ದು. ನಾನು ಕರಡಿಗೆ ಹಿಡಿದು ನಮಃ ಶಿವಾಯ ಶುರು ಮಾಡಿದೆ. ಕೊಳವೆ ಎಡಕ್ಕೆ ವಾಲಿದರೆ ನನ್ನ ಕತ್ತೂ ಎಡಕ್ಕೆ. ಅಲೆ ಬಂದು ಅದು ಒಂದು ಗಳಿಗೆ ಮರೆಯಾದರೆ ನನ್ನ ಉಸಿರೂ ಅಲ್ಲೇ. ದೋಣಿಯ ಇತರ ಹೆಂಗಸರು ಗಾಜಿನ ಮೇಲೆ ಬಗ್ಗಿ ಏನೇನೋ ತೋರಿಸಿಕೊಂಡು ಸಂಭ್ರಮಪಡುತ್ತಿದ್ದರು. ಒಬ್ಬಾಕೆ ನನ್ನ ಮೊಣಕೈ ತಿವಿದು ಕೆಳಗೆ ಬೆರಳು ತೋರಿಸಿದಳು. ತಲೆಯಾಡಿಸಿದೆ, ಕೊಳವೆಯಿಂದ ಕಣ್ಣು ಕೀಳಲಿಲ್ಲ. ಅರ್ಧ ಗಂಟೆಯ ಮೇಲೆ ಆ ಪುಣ್ಯಾತ್ಮರು ಎದ್ದು ನಿಂತು, ಬಾಯಿಂದ ಕೊಳವೆ ತೆಗೆದು, ನನ್ನ ಕಡೆ ಕೈ ಬೀಸಿದಾಗ ಕಣ್ಣಲ್ಲಿ ನೀರು ಬಂತು. ಆ ಹೊತ್ತಿಗೆ ನಮ್ಮ ದೋಣಿ ದಡಕ್ಕೆ ತಿರುಗಿಯಾಗಿತ್ತು, ಗಾಜಿನ ಕೆಳಗೆ ನಾನು ಒಂದು ಸಲವೂ ನೋಡಿರಲಿಲ್ಲ.

ಹಡಗಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅವರು ನೋಡಿದ್ದನ್ನು ಹೇಳಿದರು. ಮೆದುಳಿನ ಆಕಾರದ ಹವಳ, ಜಿಂಕೆ ಕೊಂಬಿನಂಥದ್ದು, ಹಳದಿ ಪಟ್ಟೆಯ ಮೀನು ತನ್ನ ಪಾಡಿಗೆ ತಾನು ಪಾಚಿ ಮೇಯುತ್ತಿದ್ದದ್ದು. ನಾನು ಬಾಯಿಪಾಠ ಮಾಡಿಕೊಂಡೆ. ಊರಿಗೆ ಬಂದ ಮೇಲೆ ಅಯ್ಯನವರಿಗೂ ಶಾರದಕ್ಕನಿಗೂ ಆ ಪೇದೆಗೂ ಅದನ್ನೇ ಒಂದು ಮೀನೂ ಬಿಡದಂತೆ ವರ್ಣಿಸಿದ್ದೇನೆ. ಕೇಳಿದವರೆಲ್ಲ ನೀರಿಗಿಳಿಯುವುದಕ್ಕಿಂತ ಗಾಜಿನ ದೋಣಿಯೇ ಮೇಲು, ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ನೋಡಿ ಎನ್ನುತ್ತಾರೆ. ಹೌದು, ಬಲು ಸ್ಪಷ್ಟ ಎನ್ನುತ್ತೇನೆ. ಯಜಮಾನರು ಪಕ್ಕದಲ್ಲೇ ಕೂತು, ತಾವು ಹೇಳಿದ್ದನ್ನೇ ಮೊದಲ ಸಲ ಕೇಳುವವರಂತೆ ತಲೆದೂಗುತ್ತಾರೆ.