ಹಲ್ಲಿನ ಡಾಕ್ಟರ ಕೂಡ ಚೌಕಾಶಿ

ಕಡಲಿ ಒಣಗೇತೋ ಇಲ್ಲೋ ಅಂತ ನೋಡಾಕ ನಮ್ಮ ರೋಣದ ಪ್ಯಾಟ್ಯಾಗ ಮಷೀನು ಬಂದು ಭಾಳ ದಿನ ಆತು. ನಾನು ಮಾತ್ರ ಇನ್ನೂ ಮುಂದಿನ ಹಲ್ಲಿನ್ಯಾಗ ಒಂದು ಕಾಳು ಕಟ್ ಅಂತ ಕಡದು ಹೇಳಾಂವ. ಇಪ್ಪತ್ತೈದು ವರ್ಷ ಹಿಂಗ ಕಡಲಿ ಖರೀದಿ ಮಾಡೇನಿ. ಮಷೀನು ತಪ್ಪಬಹುದು, ನನ್ನ ಹಲ್ಲು ತಪ್ಪಂಗಿಲ್ಲ.

ಅಂಥಾ ಹಲ್ಲು ಅಳ್ಳಾಡಾಕ ಹತ್ತಿತು. ನಮ್ಮ ಮನಿಯಾಕಿಗೆ ಚಿಂತಿ ಆತು.

"ಬರೋ ಐತವಾರ ಮಗಳ ಲಗ್ನದ ಮಾತುಕತಿಗೆ ಕೊಣ್ಣೂರಿಂದ ಬೀಗರಾಗೋರು ಬರ್ತಾರ. ಅಲ್ಲೀತನಕರ ಆ ಹಲ್ಲು ಉಳಿಸ್ಕೋರಿ," ಅಂತ ನನ್ನ ದವಾಖಾನಿಗೆ ಅಟ್ಟಿದ್ಲು.

ಡಾಕ್ಟರಬಾಯಿ ಭಾಳ ಸಮಾಧಾನದಾಕಿ. ಕೈಯಾಗ ಕನ್ನಡಿ ಕೊಟ್ಟು ತೋರಿಸಿದ್ಲು.

"ಇಲ್ನೋಡ್ರಿ, ವಸಡು ಇಳದೈತಿ. ಬುಡದ ಮಣ್ಣು ಕೊಚ್ಚಿ ಹೋದ್ರ ಗಿಡ ನಿಲ್ತೈತೇನ್ರಿ? ಆರು ತಿಂಗಳು ಗಟ್ಟಿ ಏನೂ ಕಡೀಬ್ಯಾಡ್ರಿ. ಕಡದ್ರ ಹಲ್ಲು ಕೈಗೆ ಬರ್ತೈತಿ."

ಮೊದಲ ಹೇಳಿದ ದರಾನ ಖರೇ ಅಂತ ನಂಬಾಂವ ನಮ್ಮ ದಂಧೇದಾಗ ಉದ್ಧಾರ ಆಗಂಗಿಲ್ಲ.

"ಆರು ಭಾಳಾತ್ರಿ ಡಾಕ್ಟರಬಾಯಿ. ಎರಡಕ್ಕ ಮುಗಸ್ರಿ," ಅಂದೆ.

"ಇದು ಚೌಕಾಶಿ ಮಾಡೋ ವಿಷಯ ಅಲ್ರಿ."

"ಹೋಗ್ಲಿ, ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ದಿನಕ್ಕ ಒಂದ ಒಂದು ಕಾಳು."

ಡಾಕ್ಟರಬಾಯಿ ನನ್ನ ಮಾರಿ ನೋಡಿ ಸುಮ್ಮನ ಕುಂತ್ಲು. ಪ್ಯಾಟ್ಯಾಗ ಎದುರಿನಾಂವ ಸುಮ್ಮನಾದ ಅಂದ್ರ ಸೌದಾ ಮುಗೀತು ಅಂತ. ನಾ ಕೈ ಮುಗದು ಎದ್ದು ಬಂದೆ.

"ದಿನಕ್ಕ ಒಂದು ಕಾಳು ಕಡೀಬಹುದು," ಅಂತ ಮನ್ಯಾಗ ಹೇಳಿದೆ.

"ಡಾಕ್ಟರು ಹಂಗಂದ್ರಾ?"

"ಒಲ್ಲೆ ಅನಲಿಲ್ಲ."

ಶನಿವಾರ ಬೆಳವಣಕಿಯ ರೈತ ಒಬ್ಬಾಂವ ಕಡಲಿ ತಂದು ಸುರುವಿದ. ಅವತ್ತಿನ ನನ್ನ ಪಾಲಿನ ಒಂದು ಕಾಳು ಎತ್ತಿ ಕಡದೆ. ಕಟ್ ಅಂತು. ಕಾಳು ಹಂಗ ಇತ್ತು.

ಹಲ್ಲು ರಾಶ್ಯಾಗ ಬಿತ್ತು. ಹಮಾಲರು ಎಲ್ಲಾ ಕೂಡಿ ಹುಡುಕಿದ್ರು. ಕಡಲಿ ಬಣ್ಣಕ್ಕೂ ನನ್ನ ಹಲ್ಲಿನ ಬಣ್ಣಕ್ಕೂ ಅಂಥಾ ಫರಕು ಇರಲಿಲ್ಲ, ಅದಕ್ಕ ತಡಾ ಆತು. ಅಷ್ಟರಾಗ ನನ್ನ ಬಾಯಿಂದ ದಿನಾ ಬರೋ ಮಾತು ತಾನ ಬಂತು: "ಮಾಲಿನ್ಯಾಗ ಬೆರಕಿ ಐತಿ."

"ಐತ್ರಿ ಸಾವಕಾರ್ರ," ಅಂದ ರೈತ, "ಅದು ನಿಮ್ಮದ."

ಹಲ್ಲು ಚೀಟ್ಯಾಗ ಕಟಗೊಂಡು ದವಾಖಾನಿಗೆ ಓಡಿದೆ.

"ಬ್ಯಾಡ ಅಂತ ಹೇಳಿದ್ದೆನಲ್ರಿ," ಅಂದ್ಲು ಡಾಕ್ಟರಬಾಯಿ.

"ಕೊನೀಗೆ ನೀವು ಸುಮ್ಮನಾದ್ರಿ."

"ನಿಮಗ ಇನ್ನ ಹ್ಯಾಂಗ ಹೇಳಬೇಕಂತ ತಿಳೀದ ಸುಮ್ಮನಾದೆ."

ಗಾಯ ಮಾಯದ ಹೊರತು ಕಟ್ಟಿಸಿದ ಹಲ್ಲು ಕೂಡ್ರಸಾಕ ಬರಂಗಿಲ್ಲ ಅಂತ ಕಳಿಸಿದ್ಲು. ಈ ಸಲ ನಾ ಚೌಕಾಶಿ ಮಾಡಲಿಲ್ಲ. ಮನಿಯಾಕಿ ಹಲ್ಲಿನ ಚೀಟಿ ನೋಡಿ ಒಂದ ಮಾತು ಹೇಳಿದ್ಲು: "ನಾಳೆ ಬೀಗರ ಮುಂದ ಬಾಯಿ ತಗದೀರಿ ಅಂದ್ರ ನೋಡ್ರಿ ಮತ್ತ."

ಐತವಾರ ಬೀಗರು ಬಂದ್ರು. ಅವರೂ ನನ್ನಂಗ ವ್ಯಾಪಾರಸ್ತರು, ಹತ್ತಿ ದಂಧೇದಾಗ ಮುದುಕರಾದೋರು. ಹುಡುಗಿ ಪಸಂದ ಅಂದ್ರು. ಲಗ್ನ ನಿಮ್ಮೂರಾಗ ಅಂದ್ರು. ಆಮ್ಯಾಲೆ ಮೀಸಿ ತೀಡಿಕೊಂಡು, "ನಮ್ಮ ಕಡೆಯಿಂದ ಸಾವಿರ ಮಂದಿ ಬರ್ತಾರ್ರಿ," ಅಂದ್ರು.

ಅದು ಮೊದಲ ದರಾ ಅಂತ ಕೂಸಿಗೂ ತಿಳೀತಿತ್ತು. 'ಇನ್ನೂರಕ್ಕ ಮುಗಸ್ರಿ' ಅನ್ನೋದು ನನ್ನ ನಾಲಿಗಿ ತುದೀಗೆ ಬಂದು ನಿಂತಿತ್ತು. ಅಡಿಗಿ ಮನಿ ಬಾಗಿಲದಾಗ ಮನಿಯಾಕಿ ಕಣ್ಣು ಬಿಟ್ಟು ನಿಂತಿದ್ಲು. ತುಟಿ ಬಿಗಿ ಹಿಡದೆ. ಬೀಗರು ನನ್ನ ಮಾರಿ ನೋಡಿದ್ರು, ಕಾದ್ರು, ಆಮ್ಯಾಲೆ ತೊಡಿ ತಟ್ಟಿದ್ರು.

"ಸಾವಕಾರ್ರು ಸುಮ್ಮನಾದ್ರು. ಸೌದಾ ಮುಗೀತು. ಸಕ್ಕರಿ ತರ್ರಿ."

ಸಕ್ಕರಿ ಬಾಯಾಗ ಹಾಕಾಕ ಬಂದಾಗ ಒಲ್ಲೆ ಅನ್ನಾಕ ಬರತೈತೇನು? ಅಷ್ಟೂ ಮಂದಿ ಮುಂದ ಬಾಯಿ ತಗದೆ. ಬೀಗರು ಹಲ್ಲಿಲ್ಲದ ಸಂದಿ ಬಗ್ಗಿ ನೋಡಿ, "ಕಡಲಿ ಕಡೀತೀರೇನ್ರಿ?" ಅಂದ್ರು.

ನಾ ಸುಮ್ಮನಾದೆ.