ಅತ್ತೆಯ ಕಾರಿಗೆ ಹಸಿರು ಜೇಡಿ

"ಹೊರಗಿನವರ ಕೈಗೆ ಕೊಡೋದೇ ಬೇಡ ಅತ್ತೆ. ಈ ಕಾರಿನ ಮೇಲೆ ನೊಣ ಕೂತರೆ ಜಾರಿ ಬೀಳಬೇಕು, ಅಷ್ಟು ನುಣ್ಣಗೆ ಮಾಡಿಕೊಡ್ತೀನಿ."

ಶನಿವಾರ ಬೆಳಿಗ್ಗೆ ರಬ್ಬರ್ ಬೂಟು ತೊಟ್ಟು, ಕುತ್ತಿಗೆಗೆ ಟವೆಲ್ ಸುತ್ತಿಕೊಂಡು, ನಗೋಯಾ ಹೊರವಲಯದ ಅತ್ತೆಯ ಮನೆಯಂಗಳದಲ್ಲಿ ನಿಂತು ಕಜಿಕಾವಾ ಹೀಗೆ ಘೋಷಣೆ ಮಾಡಿದಾಗ ಅವನಿಗೆ ಐವತ್ತೇಳು ತುಂಬಿತ್ತು. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ್ದ ಅವನು ಜೀವಮಾನದಲ್ಲಿ ಉಜ್ಜಿ ಗೊತ್ತಿದ್ದದ್ದು ರಬ್ಬರ್ ಮೊಹರು ಮಾತ್ರ. ಆದರೆ ಕಾರಿನ ಮೈ ಉಜ್ಜುವ ಬಗೆಗಿನ ವೀಡಿಯೊಗಳನ್ನು ಒಂದು ವಾರದಲ್ಲಿ ಹನ್ನೊಂದು ನೋಡಿದ್ದ. ಹನ್ನೊಂದನೆಯದು ಮುಗಿಯುವ ಹೊತ್ತಿಗೆ, ಆ ವೀಡಿಯೊ ಮಾಡಿದವನಿಗೇ ಎರಡು ಮಾತು ಕಲಿಸಬಲ್ಲೆ ಎಂಬ ಮಟ್ಟಕ್ಕೆ ಏರಿದ್ದ.

ಅತ್ತೆ ಹತ್ಸುಯೆ ಅಳಿಯನನ್ನೂ ಕಾರನ್ನೂ ಒಂದೊಂದು ಸಲ ನೋಡಿ ಒಳಗೆ ಹೋದರು.

ಅವರ ಆ ನೋಟದ ಹಿಂದೆ ಮೂರು ವರ್ಷದ ಕಥೆಯಿತ್ತು. ಹತ್ಸುಯೆಗೆ ಎಂಬತ್ತಮೂರು. ನಿವೃತ್ತ ಮೇಷ್ಟ್ರಮ್ಮ. ಇನ್ನು ಕಾರು ಓಡಿಸುವುದು ಸಾಕು, ಲೈಸೆನ್ಸ್ ವಾಪಸ್ ಕೊಟ್ಟುಬಿಡು ಎಂದು ಮಗಳು ಚಿಸಾತೊ ಮೂರು ವರ್ಷದಿಂದ ಗೋಗರೆಯುತ್ತಿದ್ದಳು. ಹೋದ ಚಳಿಗಾಲದಲ್ಲಿ ಅವರು ಬೀದಿಯ ಕಸದ ಬುಟ್ಟಿಗಳನ್ನೆಲ್ಲ ಸಾಲಾಗಿ ಉರುಳಿಸಿ, ಬುಟ್ಟಿಗಳೇ ಅಡ್ಡ ಬಂದವು ಎಂದು ಬೀದಿಯ ಸಭೆಯಲ್ಲಿ ವಾದಿಸಿದ್ದರು. ಕಡೆಗೂ ಈ ಮಾರ್ಚಿನಲ್ಲಿ ಒಪ್ಪಿದರು. ಸೋಮವಾರ ಪೊಲೀಸ್ ಠಾಣೆಗೆ ಹೋಗಿ ಲೈಸೆನ್ಸ್ ಕೊಡುವುದು, ಕಾರು ಮಗಳ ಮನೆಗೆ. ಷರತ್ತು ಒಂದೇ. ಸತ್ತವರ ಸಮಾಧಿಗೆ ಹೋಗಿಬರುವ ವಿಷುವದ ವಾರ ಅದು. ಭಾನುವಾರ ತಮ್ಮ ಗಂಡನ ಸಮಾಧಿಗೆ ಕೊನೆಯ ಸಲ ತಾವೇ ಕಾರು ಓಡಿಸಿಕೊಂಡು ಹೋಗಬೇಕು. ಮತ್ತು ಆ ಕಾರು ಕೊಂಡು ತಂದ ದಿನ ಇದ್ದ ಹಾಗೇ ಇರಬೇಕು.

"ಈ ಬಿಳಿ ಬಣ್ಣ ಅವರು ಆರಿಸಿದ್ದು. ಮಚ್ಚೆ ಬಿದ್ದ ಗಾಡೀನ ಅವರ ಮುಂದೆ ನಿಲ್ಲಿಸಿ, ಇನ್ಮೇಲೆ ಓಡಿಸಲ್ಲ ಅಂತ ಹೇಳೋಕೆ ನನ್ನಿಂದಾಗಲ್ಲ" ಎಂದಿದ್ದರು. "ಬೆಳ್ಳಗಾಗ್ಲಿಲ್ಲ ಅಂದ್ರೆ ಸೋಮವಾರದ ಮಾತು ಮುಂದಿನ ವರ್ಷ ನೋಡೋಣ."

ಮನೆಯ ಹಿಂದೆಯೇ ರೈಲು ಹಳಿ. ಹತ್ತೊಂಬತ್ತು ವರ್ಷ ರೈಲಿನ ಗಾಲಿಗಳಿಂದ ಹಾರಿದ ಕಬ್ಬಿಣದ ಪುಡಿ ಆ ಪುಟ್ಟ ಬಿಳಿ ಕಾರಿನ ಮೈಗೆ ಕಚ್ಚಿಕೊಂಡು, ಸಾಸಿವೆಯ ಚೂರಿನಂಥ ಕಂದು ಮಚ್ಚೆಗಳಾಗಿದ್ದವು. ಸೋಪು ಹಾಕಿದರೂ ಹೋಗದು, ಉಗುರು ಹಾಕಿದರೂ ಬಾರದು. ಅಂಗಡಿಯವರಿಗೆ ಕೊಡೋಣ ಎಂದು ಚಿಸಾತೊ ಹೇಳಿದ್ದಳು. ಕಜಿಕಾವಾ ಕೇಳಲಿಲ್ಲ. ಅಂಗಡಿಯಿಂದ ತಂದದ್ದು ಕಾರಿನ ಮೈ ಉಜ್ಜುವ ಜೇಡಿಯ ಒಂದು ಬಿಲ್ಲೆಯನ್ನು ಮಾತ್ರ. ತಿಳಿ ಹಸಿರು, ಸಾಬೂನಿನಷ್ಟು ಗಾತ್ರ. ಮೈ ತೊಳೆದು, ನೊರೆನೀರು ಚಿಮುಕಿಸಿ, ಅದರ ಮೇಲೆ ಜೇಡಿಯನ್ನು ಜಾರಿಸಿದರೆ ಕಚ್ಚಿಕೊಂಡಿರುವ ಕೊಳೆಯನ್ನೆಲ್ಲ ಅದು ಎಳೆದುಕೊಳ್ಳುತ್ತದೆ. ಆಮೇಲೆ ಮೇಣ ಹಚ್ಚಿದರೆ ಮುಗಿಯಿತು.

ಆರಂಭವೇನೋ ದಿವ್ಯವಾಗಿತ್ತು. ಅವನು ಬಿಲ್ಲೆಯನ್ನು ಎರಡು ಭಾಗ ಮಾಡಿ ಅರ್ಧವನ್ನು ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿಕೊಂಡ. ಬಾನೆಟ್ಟಿನ ಮೇಲೆ ಜಾರಿಸಿದಾಗ ಮೊದಲು ಸರಸರ ಸದ್ದು, ನಾಲ್ಕು ಸಲ ಓಡಾಡಿಸಿದ ಮೇಲೆ ಮೌನ. ಒರಟು ಚೆನ್ನಾಗಿ ಗೊತ್ತಾಗಲೆಂದು ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಸವರಿ ನೋಡಿದ. ಉಜ್ಜದ ಕಡೆ ಮರಳು ಕಾಗದ, ಉಜ್ಜಿದ ಕಡೆ ಗಾಜು. ಹೆಂಡತಿಯನ್ನು ಕರೆದು ಅವಳ ಕೈಗೂ ಚೀಲ ತೊಡಿಸಿ ಸವರಿಸಿದ. ಚೆನ್ನಾಗಿದೆ ಎಂದು ಅವಳೂ ಒಪ್ಪಿದಳು. ಹೆಂಡತಿ ಒಂದೇ ಮಾತಿಗೆ ಒಪ್ಪಿದ್ದು ಮದುವೆಯಾದ ಮೇಲೆ ಅದು ಎರಡನೆಯ ಸಲ. ಆ ಸಂಭ್ರಮಕ್ಕೆ ಜೇಡಿ ಕೈಜಾರಿ ನೆಲಕ್ಕೆ ಬಿತ್ತು.

ನೆಲಕ್ಕೆ ಬಿದ್ದ ಜೇಡಿ ಸತ್ತ ಹಾಗೆ. ಮಣ್ಣಿನ ಹರಳು ಕಚ್ಚಿಕೊಂಡಿರುತ್ತದೆ, ಉಜ್ಜಿದರೆ ಬಣ್ಣಕ್ಕೆ ಗೀರು. ಅದನ್ನು ಕಸಕ್ಕೆ ಹಾಕಿ ಉಳಿದರ್ಧವನ್ನು ತೆಗೆದ. ಮಾರ್ಚಿನ ಚಳಿಗೆ ಅದು ಕಲ್ಲಾಗಿತ್ತು. ಬೆಚ್ಚಗಿಟ್ಟರೆ ಮೆತ್ತಗಾಗುತ್ತದೆ ಎಂದು ಏಳನೆಯ ವೀಡಿಯೊ ಹೇಳಿದ್ದರಿಂದ ಅಡುಗೆಮನೆಗೆ ಹೋಗಿ, ತಟ್ಟೆಯೊಂದರಲ್ಲಿಟ್ಟು, ಅನ್ನದ ಕುಕ್ಕರಿನ ಪಕ್ಕ ಬಿಸಿ ತಾಗುವ ಹಾಗೆ ಇರಿಸಿ ಬಂದ.

ಹತ್ತು ನಿಮಿಷದ ನಂತರ ಅದೇ ಅಡುಗೆಮನೆಯಲ್ಲಿ ಚಿಸಾತೊ ಉಯ್ರೋ ಪೊಟ್ಟಣ ಬಿಚ್ಚಿದಳು. ಅಕ್ಕಿಹಿಟ್ಟು ಸಕ್ಕರೆ ಕಲಸಿ ಹಬೆಯಲ್ಲಿ ಬೇಯಿಸಿದ ಆ ಸಿಹಿ ಅವಳ ಅಪ್ಪನಿಗೆ ಪ್ರಾಣ. ಅದರಲ್ಲೂ ಟೀ ಪುಡಿ ಬೆರೆಸಿದ ತಿಳಿ ಹಸಿರಿನದು. ವಿಷುವದ ವಾರವಾದ್ದರಿಂದ ಅಂದು ಹನ್ನೊಂದು ಗಂಟೆಗೆ ಗುಡಿಯ ಭಿಕ್ಷು ಎನ್ಶು ಮಂತ್ರ ಹೇಳಲು ಬರುವವರಿದ್ದರು. ಅಪ್ಪನ ಪಟದ ಮುಂದೆ ಎಡೆ ಇಟ್ಟು, ಆಮೇಲೆ ಅದನ್ನೇ ಕತ್ತರಿಸಿ ಭಿಕ್ಷುಗಳಿಗೆ ಟೀ ಜೊತೆ ಕೊಡುವುದು ಮನೆಯ ರೂಢಿ. ಉಯ್ರೋ ತುಂಡನ್ನು ತಟ್ಟೆಯಲ್ಲಿಟ್ಟು ಅವಳು ತಿರುಗುವಷ್ಟರಲ್ಲಿ ಫೋನು ಬಂತು. ತಟ್ಟೆಯನ್ನು ಕುಕ್ಕರಿನ ಪಕ್ಕ ಇಟ್ಟು ನಡುಮನೆಗೆ ಓಡಿದಳು.

ಈಗ ಅಲ್ಲಿ ಎರಡು ತಟ್ಟೆ, ಎರಡು ಹಸಿರು ತುಂಡು.

ಕಜಿಕಾವಾ ಒಳಗೆ ಬಂದಾಗ ಅವನ ಕನ್ನಡಕ ಚಪ್ಪಲಿ ಗೂಡಿನ ಮೇಲಿತ್ತು. ನೊರೆನೀರು ಹಾರಿ ಹಾರಿ ಮಂಜಾಗುತ್ತಿದ್ದುದಕ್ಕೆ, ಈ ಕೆಲಸಕ್ಕೆ ಕಣ್ಣು ಬೇಡ ಬೆರಳು ಸಾಕು ಎಂದು ತೆಗೆದಿಟ್ಟಿದ್ದ. ಬೆರಳಲ್ಲೇ ಒತ್ತಿ ನೋಡಿದ. ಒಂದು ಗಟ್ಟಿ, ಒಂದು ಮೆತ್ತಗೆ. ಗಟ್ಟಿ ಇರುವುದು ತಿಂಡಿ, ಮೆತ್ತಗಾಗಿರುವುದು ತನ್ನ ಜೇಡಿ ಎಂದು ತರ್ಕಬದ್ಧವಾಗಿ ತೀರ್ಮಾನಿಸಿ, ಉಯ್ರೋ ಎತ್ತಿಕೊಂಡು ಹೊರಗೆ ನಡೆದ.

ಆಹಾ, ಅದು ಜಾರಿದ ಬಗೆಯೇ ಬಗೆ! ಮೊದಲ ಅರ್ಧ ಇದರ ಮುಂದೆ ಏನೂ ಅಲ್ಲ. ಬಾಗಿಲ ಮೇಲೆ ಐಸ್ ಮೇಲೆ ಮೀನು ಜಾರಿದ ಹಾಗೆ ಜಾರಿತು. ಬೆಚ್ಚಗೆ ಮಾಡಿದ್ದರ ಫಲ ಎಂದು ತನ್ನನ್ನೇ ಮೆಚ್ಚಿಕೊಂಡ. ಜೇಡಿ ಸವೆದು ಸವೆದು ಸಣ್ಣದಾಗುತ್ತಿತ್ತು. ಅಷ್ಟೊಂದು ಕೊಳೆ ಇತ್ತಲ್ಲ, ಪಾಪ, ಸವೆಯದೆ ಏನು ಮಾಡೀತು. ಬಿಳಿ ಬಣ್ಣದ ಮೇಲೆ ತಿಳಿ ಹಸಿರು ಪೊರೆಯೊಂದು ಮೂಡತೊಡಗಿತು. ಹತ್ತೊಂಬತ್ತು ವರ್ಷದ ಪಾಚಿ ಹೊರಬರುತ್ತಿದೆ ಎಂದುಕೊಂಡ. ಟೀ ಪರಿಮಳ ಬರುತ್ತಿತ್ತು. ಅತ್ತೆ ಒಳಗೆ ಟೀ ಮಾಡುತ್ತಿರಬೇಕು ಎಂದುಕೊಂಡ. ಕಾರಿನ ಮಾಡು, ನಾಲ್ಕು ಬಾಗಿಲು, ಹಿಂಬದಿ ಎಲ್ಲ ಮುಗಿಯುವಷ್ಟರಲ್ಲಿ ಜೇಡಿ ಕಡಲೆಕಾಳಿನಷ್ಟಾಗಿ ಬೆರಳ ಸಂದಿಯಲ್ಲಿ ಮಾಯವಾಯಿತು.

ಅಲ್ಲಿಗೆ ನಿಂತಿದ್ದರೂ ಒಂದು ಬಕೆಟ್ ನೀರಿನಲ್ಲಿ ಎಲ್ಲ ಸರಿಹೋಗುತ್ತಿತ್ತು. ಆದರೆ ಪೊರೆಯನ್ನು ಮೇಣವೇ ತೆಗೆದುಬಿಡುತ್ತದೆ ಎಂದು ನಂಬಿ, ಅದರ ಮೇಲೇ ಮೇಣ ಬಳಿದ. ಒರೆಸುವ ಟವೆಲು ಬಾಗಿಲಿಗೆ ಅಂಟಿಕೊಂಡಿತು. ಮೇಣ ಚೆನ್ನಾಗಿ ಹಿಡಿಯುತ್ತಿದೆ ಎಂದು ಖುಷಿಪಟ್ಟು ಜೋರಾಗಿ ಎಳೆದ. ಟವೆಲಿನ ನವಿರು ಎಳೆಗಳೆಲ್ಲ ಕಿತ್ತುಬಂದು ಕಾರಿನ ಮೇಲೆಯೇ ಉಳಿದವು. ಅಷ್ಟರಲ್ಲಿ ಬಿಸಿಲೇರಿತು. ಸಕ್ಕರೆ ಒಣಗಿ, ಮೇಣ ಬಿಗಿದು, ಹತ್ತೊಂಬತ್ತು ವರ್ಷದ ಬಿಳಿ ಕಾರು ಮೈತುಂಬ ಮೀಸೆ ಚಿಗುರಿದ ಹಸಿರು ಪ್ರಾಣಿಯಂತೆ ಅಂಗಳದಲ್ಲಿ ನಿಂತಿತು. ಎರಡು ಪಿಕಳಾರ ಹಕ್ಕಿಗಳು ಬಂದು ಮಾಡಿನ ಮೇಲೆ ಕೂತವು. ನೊಣ ಜಾರಿ ಬೀಳಬೇಕಿದ್ದ ಜಾಗದಲ್ಲಿ ಹಕ್ಕಿಗಳು ಆರಾಮವಾಗಿ ಕೂತು ಕುಕ್ಕಿ ತಿನ್ನತೊಡಗಿದವು. ಓಡಿಸಿದರೆ ಹೋಗುತ್ತಿದ್ದವು, ಬರುವಾಗ ಬಂಧುಬಳಗವನ್ನೂ ಕರೆತರುತ್ತಿದ್ದವು. ಕಜಿಕಾವಾ ಹೋಗಿ ಕನ್ನಡಕ ಹಾಕಿಕೊಂಡು ಬಂದು ನೋಡಿದ. ಮತ್ತೆ ತೆಗೆದ. ಹಾಕಿಕೊಳ್ಳದಿದ್ದಾಗಲೇ ಚೆನ್ನಾಗಿತ್ತು.

ಅಷ್ಟು ಹೊತ್ತಿಗೆ ಎನ್ಶು ಭಿಕ್ಷುಗಳ ಸ್ಕೂಟರ್ ಬಂತು. ಕಿರಿ ವಯಸ್ಸು, ಅತೀವ ವಿನಯ. ಹೆಲ್ಮೆಟ್ ತೆಗೆದು ಕಾರನ್ನು ಕಂಡರು. ಹೊಸ ಬಣ್ಣ ವಸಂತಕ್ಕೆ ಒಪ್ಪುತ್ತದೆ ಎಂದು ಹೇಳಿ ಬಾಗಿ ಒಳಗೆ ನಡೆದರು. ಕಜಿಕಾವಾನೂ ಕೈ ತೊಳೆದುಕೊಂಡು ಹಿಂದೆಯೇ ಹೋದ. ಕಾರಿನ ಹತ್ತಿರ ನಿಲ್ಲುವುದಕ್ಕಿಂತ ಮಂತ್ರ ಕೇಳುವುದು ಲೇಸೆನಿಸಿತ್ತು.

ಮಾವನ ಪಟದ ಮುಂದೆ, ಒಳ್ಳೆಯ ತಟ್ಟೆಯಲ್ಲಿ, ಹಸಿರು ತುಂಡು ವಿರಾಜಮಾನವಾಗಿತ್ತು. ಗಂಟೆ ಮೊಳಗಿತು, ಊದುಬತ್ತಿ ಹೊಗೆಯಾಡಿತು, ಇಪ್ಪತ್ತು ನಿಮಿಷ ಮಂತ್ರ ನಡೆಯಿತು. ಎಲ್ಲರೂ ಅದಕ್ಕೆ ಕೈಮುಗಿದರು. ಹತ್ಸುಯೆ ಅಂತೂ ನಾಳೆ ಬರುವುದಾಗಿ ಗಂಡನಿಗೆ ಪಿಸುಗುಟ್ಟಿ ಕಣ್ಣೊರೆಸಿಕೊಂಡರು. ಆಮೇಲೆ ಚಿಸಾತೊ ಎಡೆಯನ್ನು ಇಳಿಸಿ, ಕೊಂಚ ಕಷ್ಟಪಟ್ಟೇ ಕತ್ತರಿಸಿ, ಟೀ ಜೊತೆ ತಂದಿಟ್ಟಳು. ಮೊದಲ ತುಂಡು ಭಿಕ್ಷುಗಳಿಗೆ, ಎರಡನೆಯದು ಅಮ್ಮನಿಗೆ.

ಎನ್ಶು ಬಾಯಿಗಿಟ್ಟುಕೊಂಡರು. ಅಗಿದರು. ಮತ್ತೂ ಅಗಿದರು. ಕೊಟ್ಟದ್ದನ್ನು ಉಗುಳುವ ಭಿಕ್ಷು ಉಂಟೇ? ಕಾರಿನ ನಯಕ್ಕೆಂದು ತಂದದ್ದನ್ನು ಅವರು ಅಪಾರ ನಯದಿಂದ ಅಗಿಯುತ್ತ, ತುಂಡನ್ನು ಬಲಗೆನ್ನೆಯಿಂದ ಎಡಗೆನ್ನೆಗೆ ಸಾಗಿಸಿ, ಅಂಗಡಿ ಯಾವುದೆಂದು ವಿಚಾರಿಸಿದರು. ಬಾಯಲ್ಲಿ ಬಹಳ ಹೊತ್ತು ಉಳಿಯುತ್ತದೆ, ಅಪರೂಪದ್ದು ಎಂದರು.

ಹತ್ಸುಯೆ ಅಷ್ಟು ದಾಕ್ಷಿಣ್ಯದವರಲ್ಲ. ಒಮ್ಮೆ ಕಚ್ಚಿ, ಹೊರತೆಗೆದು, ಬೆರಳಲ್ಲಿ ಹಿಡಿದು ಎಳೆದರು. ಅದು ತುಂಡಾಗಲಿಲ್ಲ, ಉದ್ದವಾಯಿತು. ಉಂಡೆ ಮಾಡಿದರು, ಚಪ್ಪಟೆ ಮಾಡಿದರು. ನಿಧಾನವಾಗಿ ಅಳಿಯನ ಕಡೆ ತಿರುಗಿದರು. ಕಜಿಕಾವಾನ ಮುಖ ಅದಕ್ಕಿಂತ ಹಸಿರಾಗಿತ್ತು.

"ಗುರುಗಳೇ, ನುಂಗಬೇಡಿ" ಎಂದರು ಹತ್ಸುಯೆ, ಕಾಗದದ ಕರವಸ್ತ್ರ ಚಾಚಿ.

ಎದ್ದು ನೇರ ಅಂಗಳಕ್ಕೆ ಹೋದರು. ಹಿಂದೆ ಮಗಳು, ಅಳಿಯ, ಬಾಯಿ ಒರೆಸಿಕೊಳ್ಳುತ್ತ ಭಿಕ್ಷು. ಹಕ್ಕಿಗಳು ಮರ್ಯಾದೆಯಿಂದ ದಾರಿ ಬಿಟ್ಟವು. ಹತ್ಸುಯೆ ಬಾಗಿಲನ್ನು ಉಗುರಿಂದ ಕೆರೆದು, ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿ ರುಚಿ ನೋಡಿದರು.

"ಉಯ್ರೋ" ಎಂದರು. "ಟೀ ಹಾಕಿದ್ದು."

ಚಿಸಾತೊ ಗಂಡನ ಕಡೆ ತಿರುಗಿದಳು. "ರೀ, ಅಪ್ಪನ ಎಡೇನ ಕಾರಿಗೆ ಉಜ್ಜಿದ್ರಾ?"

"ನೀನು ನನ್ನ ಜೇಡೀನ ಅಪ್ಪನಿಗೆ ಎಡೆ ಇಟ್ಟಿದ್ದೀಯಲ್ಲ" ಎಂದ ಕಜಿಕಾವಾ. ಹೇಳಿದ ಮರುಕ್ಷಣ, ಹೇಳಬಾರದಿತ್ತು ಅನ್ನಿಸಿತು.

"ತಿಂಡಿ ತಟ್ಟೇಲಿ ಜೇಡಿ ಇಟ್ಟವರು ಯಾರು? ನಾನಾದ್ರೂ ಕತ್ತರಿಸೋವಾಗ ಗಟ್ಟಿಯಾಯ್ತಲ್ಲ ಅಂತ ಅನುಮಾನ ಪಟ್ಟೆ. ನಿಮಗೆ ಒಂದು ಇಡೀ ಕಾರು ಉಜ್ಜಿದ್ರೂ ಅನುಮಾನ ಬರಲಿಲ್ವಾ?"

ಕಾರು, ಸಮಾಧಿ, ಸೋಮವಾರ, ಮೂರು ವರ್ಷದ ಗೋಗರೆತ ಎಲ್ಲ ಒಟ್ಟಿಗೆ ಕಜಿಕಾವಾನ ಕಣ್ಣೆದುರು ಕುಸಿದವು. ಎರಡೂ ಕೈ ತೊಡೆಗೆ ಒತ್ತಿಕೊಂಡು ಅತ್ತೆಯ ಮುಂದೆ ಸೊಂಟದವರೆಗೆ ಬಾಗಿ ಹಾಗೇ ನಿಂತ. ನೆಲದಲ್ಲಿ ತನ್ನ ರಬ್ಬರ್ ಬೂಟು ಮಾತ್ರ ಕಾಣುತ್ತಿತ್ತು. ಮೇಲಿಂದ ಏನೋ ಸದ್ದು ಬಂತು. ಅತ್ತೆ ಅಳುತ್ತಿದ್ದಾರೆ ಎಂದುಕೊಂಡು ಮತ್ತಷ್ಟು ಬಾಗಿದ.

ಅಳುವಲ್ಲ. ಹತ್ಸುಯೆ ಕಾರಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗಂಡ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ಮಗಳೂ ಕಂಡಿರಲಿಲ್ಲ. "ಅವರು ಬದುಕಿದ್ದಿದ್ರೆ" ಎಂದು ಹೇಳಲು ಹೊರಟು ಮತ್ತೆ ನಕ್ಕರು. "ಬದುಕಿದ್ದಿದ್ರೆ ಕಾರನ್ನೇ ನೆಕ್ಕಿಬಿಡೋರು." ನೆಟ್ಟಗಾಗಲು ಹೋಗಿ ಬೆನ್ನಿನ ಬಟ್ಟೆ ಕಾರಿಗೆ ಅಂಟಿಕೊಂಡಿದ್ದು ಗೊತ್ತಾಗಿ ಇನ್ನೂ ಜೋರಾಗಿ ನಕ್ಕರು. ಭಿಕ್ಷುಗಳು ಮೆಲ್ಲಗೆ ಬಿಡಿಸಿದರು.

ಆಮೇಲಿನ ಕೆಲಸವನ್ನೆಲ್ಲ ಹತ್ಸುಯೆ ತರಗತಿ ನಡೆಸುವ ಹಾಗೆ ನಡೆಸಿದರು. ಸ್ನಾನದ ತೊಟ್ಟಿಯಿಂದ ಬಿಸಿನೀರು ತರುವುದು ಅಳಿಯನ ಪಾಲು. ಮೇಣ ಬಿಡಿಸುವುದು ಚಿಸಾತೊ. ಎನ್ಶು ನಿಲುವಂಗಿಯ ತೋಳನ್ನು ಹಗ್ಗದಿಂದ ಕಟ್ಟಿಕೊಂಡು, ಬೇಡವೆಂದರೂ ಕೇಳದೆ, ಗುಡಿಯ ನೆಲ ಒರೆಸಿ ಪಳಗಿದ ಕೈಯಿಂದ ಮಾಡು ತೊಳೆದರು. ಹಸಿರು ಹೋಗಿ ಬಿಳಿ ಕಂಡಿತು, ಬಿಳಿಯ ಮೇಲೆ ಹಳೆಯ ಕಂದು ಮಚ್ಚೆಗಳೂ ಕಂಡವು. ಪೂಜೆಗೊಂಡ ಜೇಡಿಯಲ್ಲಿ ಹಲ್ಲು ತಾಗದ ಭಾಗವಿನ್ನೂ ಉಳಿದಿತ್ತು. ಕಜಿಕಾವಾ ಅದಕ್ಕೆ ಕೈ ಚಾಚಿದ. ಹತ್ಸುಯೆ ಕೊಡಲಿಲ್ಲ. ತಾವೇ ಬೆರಳಲ್ಲಿ ಮಿದ್ದು, ನೊರೆನೀರು ಚಿಮುಕಿಸಿ, ಒಂದೊಂದೇ ಬಾಗಿಲನ್ನು ಸಾವಕಾಶವಾಗಿ ಉಜ್ಜಿದರು. ಆಗಾಗ ಮಡಿಚಿ ಶುಭ್ರವಾದ ಮೈ ಹೊರತಂದು ಮತ್ತೆ ಉಜ್ಜಿದರು. ಒಮ್ಮೆಯೂ ಕೆಳಗೆ ಬೀಳಿಸಲಿಲ್ಲ. ಎಲ್ಲಿ ಕಲಿತಿರಿ ಎಂದು ಅಳಿಯ ಅಳುಕುತ್ತಲೇ ಕೇಳಿದಾಗ, ಜೇಡಿಯ ಪೆಟ್ಟಿಗೆಯ ಹಿಂದೆ ಬರೆದಿದೆ, ಓದಿದೆ ಎಂದರು.

ಭಾನುವಾರ ಬಿಳಿ ಕಾರು ಸ್ಮಶಾನದ ಬಾಗಿಲಿಗೆ ಹೋಗಿ ನಿಂತಿತು. ದಾರಿಯಲ್ಲಿ ಯಾವ ಕಸದ ಬುಟ್ಟಿಯೂ ಅಡ್ಡ ಬರಲಿಲ್ಲ. ಹತ್ಸುಯೆ ಸಮಾಧಿಗೆ ನೀರೆರೆದು ಬಹಳ ಹೊತ್ತು ಮಾತಾಡಿದರು. ನಡುನಡುವೆ ನಗು ಕೇಳಿಸಿತು. ಎದ್ದು ಬಂದವರು ಕೀಲಿಯನ್ನು ಮಗಳ ಕೈಗಿಟ್ಟು ತಾವು ಪಕ್ಕದ ಸೀಟಿಗೆ ಹೋಗಿ ಕೂತರು. ಕಜಿಕಾವಾ ಹಿಂದಿನ ಸೀಟಿನಲ್ಲಿ ಬಕೆಟ್ಟಿನ ಜೊತೆ ಕೂತ.

ಸೋಮವಾರ ಠಾಣೆಯಲ್ಲಿ ಹತ್ಸುಯೆ ಲೈಸೆನ್ಸನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಕೌಂಟರಿನ ಹುಡುಗಿ ಅಷ್ಟೇ ಗೌರವದಿಂದ ತೆಗೆದುಕೊಂಡು, ಇಷ್ಟು ವರ್ಷ ಜೋಪಾನವಾಗಿ ಓಡಿಸಿದ್ದಕ್ಕೆ ವಂದಿಸಿದಳು. ಲೈಸೆನ್ಸ್ ಹಿಂದಿರುಗಿಸಿದವರಿಗೆ ಬಸ್ಸಿನಲ್ಲಿ ರಿಯಾಯಿತಿ ಇದೆ, ಅದರ ಚೀಟಿ ಮಾಡಿಕೊಡಲೇ ಎಂದು ಕೇಳಿದಳು.

"ನನ್ನನ್ನ ಮಗಳು ಕಾರಲ್ಲಿ ಕರ್ಕೊಂಡು ಹೋಗ್ತಾಳಮ್ಮ" ಎಂದರು ಹತ್ಸುಯೆ. ಕಜಿಕಾವಾನ ತೋಳು ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದರು. "ಆ ಚೀಟಿ ಇವರ ಹೆಸರಿಗೆ ಮಾಡಿಕೊಡೋಕಾಗುತ್ತಾ, ನೋಡು."